ಹುಣಸೆಹಣ್ಣು ಹಾಕಿ ತೊಳೆದ ಕಬ್ಬಿಣ

ನನ್ನ ಮೊಮ್ಮಗಳು ಭವ್ಯಳಿಗೆ ಕೆಲಸ ಸಿಕ್ಕಿತು! ಅದೂ ಎಂಥ ಕೆಲಸ ಅಂತೀರಿ... ಹೈಸ್ಕೂಲಿನಲ್ಲಿ ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳಿಗೆ ಕಬ್ಬಿಣದ ಕೆಲಸ, ಮೆಷಿನ್ನಿನ ಕೆಲಸ ಕಲಿಸುವ ಮೇಡಂ ಆಗಿದ್ದಾಳೆ. ಶಾಲೆ ಇರುವುದು ಆನೇಕಲ್ ಕಡೆ, ನನ್ನ ತವರಿನ ದಿಕ್ಕಿನಲ್ಲೇ. ಮೆಟ್ರೋ ಹತ್ತಬೇಕು, ಇಳಿದು ಬಸ್ಸು ಹತ್ತಬೇಕು, ಆದರೇನಂತೆ. ಬೆಳಿಗ್ಗೆ ಆರ್ಡರು ಕೈಗೆ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗಿಲ್ಲ. ಬಾಗಲಗುಂಟೆಯ ನಮ್ಮ ಬೀದಿಯಲ್ಲಿ ಹಾಲಿನವನಿಂದ ಹಿಡಿದು ಎದುರು ಮನೆಗೆ ಹೊಸದಾಗಿ ಬಂದ ಬಾಡಿಗೆಯವರವರೆಗೆ ಎಲ್ಲರಿಗೂ ಹೇಳಿ ಬಂದೆ. ಕೆಲವರಿಗೆ ಎರಡೆರಡು ಸಲ ಹೇಳಿದೆನಂತೆ. ಸೊಸೆ ನಗುತ್ತಿದ್ದಾಳೆ. ನಗಲಿ ಬಿಡಿ.

ಮಧ್ಯಾಹ್ನ ಭವ್ಯ ಶಾಲೆ ನೋಡಿಕೊಂಡು ಬಂದವಳೇ ಚಪ್ಪಲಿ ಕೂಡ ಬಿಡದೆ ಒಳಗೆ ಓಡಿ, ನನ್ನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಆಗ ಬಂತು ಆ ವಾಸನೆ. ಕಬ್ಬಿಣದ ಪುಡಿ, ಮೆಷಿನ್ ಎಣ್ಣೆ, ಅದರ ಜೊತೆ ಒಂದಿಷ್ಟು ಬೆವರು.

"ಅಯ್ಯೋ, ಕೈ ತೊಳ್ಕೊಂಡಿಲ್ಲ ಕಣಜ್ಜಿ. ಶೆಡ್ಡಿನ ಬೀಗ ತೆಗ್ಸಿ ಎಲ್ಲಾ ಮುಟ್ಟಿ ಮುಟ್ಟಿ ನೋಡ್ಬಿಟ್ಟೆ" ಎಂದು ಕೈ ಹಿಂದಕ್ಕೆ ತೆಗೆಯಲು ಹೋದಳು.

"ಇರ್ಲಿ ಬುಡೆ, ಇನ್ನೊಂದ್ ಗಳಿಗೆ ಇರ್ಲಿ" ಎಂದೆ.

ಅವಳಿಗೆ ನನ್ನ ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೆ ಅನ್ನಿಸಿತು. ಸಂತೋಷಕ್ಕೇ. ಆದರೆ ಅಷ್ಟೇ ಅಲ್ಲ. ಮನೆ ತುಂಬ ಜನ ಇದ್ದೂ, ಬೀದಿಗೆಲ್ಲ ಹೇಳಿ ಬಂದೂ, ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಲು ದಾರಿಯಿಲ್ಲ ಎಂದು ಆ ಕ್ಷಣಕ್ಕೆ ನೆನಪಾಯಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸ ಇಲ್ಲ. ಆದರೂ ಇವತ್ತು ಬರೆಯುತ್ತೇನೆ.

ನಾನು ಮದುವೆಯಾಗಿ ಬಂದಾಗ ಪೀಣ್ಯದಲ್ಲಿ ಇನ್ನೂ ರಾಗಿ ಹೊಲಗಳಿದ್ದವು. ಹೊಲದ ಮಧ್ಯೆ ಮಧ್ಯೆ ಶೀಟು ಹೊದಿಸಿದ ಶೆಡ್ಡುಗಳು ಏಳುತ್ತಿದ್ದವು. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ವಾರಕ್ಕೊಂದು ಪಾಳಿ. ಮನೆಯಲ್ಲಿದ್ದರೆ ನಿದ್ದೆ, ಎದ್ದರೆ ಕಾರ್ಖಾನೆ. ಅಕ್ಕಪಕ್ಕದ ಸಾಲುಮನೆಗಳಲ್ಲಿ ಒಬ್ಬರದು ತಮಿಳು, ಒಬ್ಬರದು ತೆಲುಗು. ನಮ್ಮೂರಲ್ಲಿ ಬಾವಿಕಟ್ಟೆಯಲ್ಲಿ ನಿಂತರೆ ಹತ್ತು ಜನ ಮಾತಾಡಿಸುತ್ತಿದ್ದರು. ಇಲ್ಲಿ ನಲ್ಲಿಯ ಮುಂದೆ ಕೊಡ ಮಾತ್ರ ಮಾತಾಡುತ್ತಿತ್ತು.

ಮಗ ಒಂದನೇ ಕ್ಲಾಸಿಗೆ ಸೇರಿದ ವರ್ಷ ನಾನೂ ಒಂದು ಹೈಸ್ಕೂಲಿನಲ್ಲಿ ಆಯಾ ಆಗಿ ಸೇರಿದೆ. ಕಾರ್ಖಾನೆ ಕೆಲಸಗಾರರ ಮಕ್ಕಳಿಗೆಂದು ಒಂದು ಸಂಘದವರು ನಡೆಸುತ್ತಿದ್ದ, ಐದರಿಂದ ಹತ್ತನೇ ಕ್ಲಾಸಿನವರೆಗಿನ ಶಾಲೆ ಅದು. ಗುಡಿಸುವುದು, ನೀರು ಹಿಡಿಯುವುದು, ಗಂಟೆ ಹೊಡೆಯುವುದು. ಮಕ್ಕಳು ನನ್ನನ್ನು ಆಯಮ್ಮ ಅನ್ನುತ್ತಿದ್ದರು.

ಶಾಲೆಯ ಹಿಂದೆ ಒಂದು ದೊಡ್ಡ ಶೆಡ್ಡು ಇತ್ತು. ಅದಕ್ಕೆ ಟೆಕ್ನಿಕಲ್ ಸೆಕ್ಷನ್ ಎಂದು ಹೆಸರು. ಎಂಟನೇ ಕ್ಲಾಸಿನಿಂದ ಹತ್ತರವರೆಗೆ, ಬೇಕೆಂದ ಹುಡುಗರು ಬೇರೆ ಪಾಠಗಳ ಜೊತೆಗೆ ಅಲ್ಲಿ ಫಿಟ್ಟಿಂಗ್ ಕೆಲಸ ಕಲಿಯುತ್ತಿದ್ದರು. ಅಲ್ಲಿ ಪಾಸಾದವನಿಗೆ ಐಟಿಐನಲ್ಲಿ ಸೀಟು ಸಲೀಸು, ಇಲ್ಲವೇ ಕಾರ್ಖಾನೆಯಲ್ಲಿ ಅಪ್ರೆಂಟಿಸು. ಲೆಕ್ಕ, ಇಂಗ್ಲಿಷು ತಲೆಗೆ ಹತ್ತದ ಹುಡುಗರ ಅಪ್ಪಂದಿರು ಆ ಶೆಡ್ಡಿನ ಕಡೆ ದೇವಸ್ಥಾನದ ಕಡೆ ನೋಡಿದಂತೆ ನೋಡುತ್ತಿದ್ದರು.

ಅಲ್ಲಿ ಕಲಿಸುತ್ತಿದ್ದವರು ಫಿಟ್ಟಿಂಗ್ ಮೇಷ್ಟ್ರು.

ಹುಬ್ಬಳ್ಳಿ ಕಡೆಯವರು. ಐವತ್ತರ ಹತ್ತಿರ ವಯಸ್ಸು, ಸಣಕಲು ಮೈ, ಖಾಕಿ ಕೋಟು. ಅದಕ್ಕೆ ಎರಡು ಗುಂಡಿ ಇರಲಿಲ್ಲ, ಹಾಕಿಸಿಕೊಳ್ಳಲೂ ಇಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಲ್ಲಿ ವಯಸ್ಸಾದ ತಾಯಿ ಇದ್ದರು. ಶೆಡ್ಡಿಗೆ ಅಂಟಿಕೊಂಡ ಸಾಮಾನಿನ ಕೋಣೆಯಲ್ಲೇ ಅವರ ವಾಸ, ಅಡುಗೆ, ನಿದ್ದೆ ಎಲ್ಲ. ಮಿಕ್ಕ ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಕೂತು ಟೀ ಕುಡಿಯುತ್ತಿದ್ದರು. ಇವರು ಒಳಗೆ ಹೋದರೆ ಕುರ್ಚಿಗೆ ಎಣ್ಣೆ ಹತ್ತುತ್ತದೆ ಎಂದು ಯಾರೋ ಒಮ್ಮೆ ಅಂದಿದ್ದರು. ಬಾಯಿ ತೆಗೆದರೆ ಇವರ ಮಾತನ್ನು ಅಣಕಿಸುತ್ತಿದ್ದರು. ಅದಕ್ಕೆ ಇವರು ಶೆಡ್ಡಿನ ಬಾಗಿಲಲ್ಲೇ ನಿಂತು ಕುಡಿಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನನಗೂ ಜಾಗ ಇರಲಿಲ್ಲ. ನಾನು ಅದೇ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಒಂದು ಬಾಗಿಲು, ಆಚೆ ಅವರು, ಈಚೆ ನಾನು.

ಮಾತೇನೂ ಹೆಚ್ಚಿರಲಿಲ್ಲ. "ಉಂಡ್ಯೇನ ತಂಗಿ?" ಎಂದು ಕೇಳುವರು. "ಆಯ್ತು ಸಾ" ಅನ್ನುವೆ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ನನ್ನನ್ನು ಯಾರಾದರೂ ಕೇಳಿದ ಮಾತು ಅಂದರೆ ಅದೊಂದೇ...

ಶೆಡ್ಡನ್ನು ನಾನು ಗುಡಿಸುತ್ತಿದ್ದೆನಾದ್ದರಿಂದ ಅಲ್ಲಿನ ಕೆಲಸ ನೋಡಿ ನೋಡಿ ಗೊತ್ತಿತ್ತು. ಪ್ರತಿ ಹುಡುಗನಿಗೂ ಅಂಗೈಯಷ್ಟು ದೊಡ್ಡ ಒರಟು ಕಬ್ಬಿಣದ ತುಂಡು ಕೊಡುವರು. ಅದನ್ನು ಬೆಂಚಿನ ಮೇಲಿನ ವೈಸ್‌ನಲ್ಲಿ ಬಿಗಿದು, ಅರ ಹಿಡಿದು ಉಜ್ಜಿ ಉಜ್ಜಿ ಆರೂ ಮುಖಗಳನ್ನು ಮಟ್ಟಸ ಮಾಡಬೇಕು. ಆಮೇಲೆ ಮೂಲೆ ನೇರ ಇದೆಯೇ ಎಂದು ನೋಡುವ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಎತ್ತಿ ಹಿಡಿಯಬೇಕು. ಕಬ್ಬಿಣಕ್ಕೂ ಮೂಲೆಮಟ್ಟಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. "ಬೆಳಕ ಕಾಣಾಕ ಹತ್ತೇತಿ, ನಡಿ" ಎಂದು ಮೇಷ್ಟ್ರು ಬೆರಳಲ್ಲಿ ತೋರಿಸಿದರೆ ಹುಡುಗನ ಮುಖ ಇಷ್ಟಾಗುತ್ತಿತ್ತು. ಒಬ್ಬೊಬ್ಬ ತಿಂಗಳುಗಟ್ಟಲೆ ಉಜ್ಜಿದ್ದುಂಟು. ಅತ್ತವರುಂಟು. ಆದರೆ ಮೇಷ್ಟ್ರು ಒಬ್ಬನಿಗೂ ಒಂದೇಟು ಹೊಡೆದಿದ್ದು ನಾನು ನೋಡಲಿಲ್ಲ.

ನಾನು ಸೇರಿ ಎರಡು ವರ್ಷವಾದ ಮೇಲೆ, ದಸರಾಕ್ಕೆ ಮೊದಲು ಸುದ್ದಿಯೊಂದು ಹಬ್ಬಿತು. ಸಂಘದವರಿಗೆ ಟೆಕ್ನಿಕಲ್ ಸೆಕ್ಷನ್ ಖರ್ಚಿನದಾಗಿ ಕಾಣುತ್ತಿದೆ, ಶೆಡ್ಡನ್ನು ಕ್ಲಾಸ್ ರೂಮು ಮಾಡಬೇಕೆಂದಿದ್ದಾರೆ. ರಜೆ ಮುಗಿದ ಮೇಲೆ ಸಂಘದ ಕಡೆಯಿಂದ ಒಬ್ಬ ದೊಡ್ಡ ಮನುಷ್ಯರು ಬಂದು ಮಕ್ಕಳ ಕೆಲಸ ನೋಡುತ್ತಾರೆ, ಇಡುವುದೋ ಮುಚ್ಚುವುದೋ ಅವರೇ ಹೇಳುತ್ತಾರೆ. ಹತ್ತನೇ ಕ್ಲಾಸಿನ ಇಪ್ಪತ್ತೆಂಟು ಹುಡುಗರು ಮಾಡಿದ್ದ ಇಪ್ಪತ್ತೆಂಟು ಕಬ್ಬಿಣಗಳನ್ನು ಮೇಷ್ಟ್ರು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮರದ ಪೆಟ್ಟಿಗೆಯಲ್ಲಿಟ್ಟರು. ಒಂದೊಂದರ ಮೇಲೂ ಹುಡುಗನ ನಂಬರು ಕೊರೆದಿತ್ತು. ಸೆಕ್ಷನ್ ಉಳಿಯುವುದಾದರೆ ಆ ಪೆಟ್ಟಿಗೆಯಿಂದಲೇ ಉಳಿಯಬೇಕಿತ್ತು.

ದಸರಾ ರಜೆಗೆ ಊರಿಗೆ ಹೊರಟವರು ಬೀಗದ ಕೈ ನನ್ನ ಕೈಗೆ ಕೊಟ್ಟರು. "ಅವ್ವಗ ಆರಾಮ ಇಲ್ಲ, ನಾ ಹೊಂಟೆ. ಆಯುಧ ಪೂಜಿ ನೀನ ಮಾಡವಾ. ಮಷಿನ್‌ಗೋಳಿಗೆ ಹೂ ಏರಿಸು, ಕಾಯಿ ಒಡಿ."

ನನಗೆ ಆ ಬೀಗದ ಕೈ ಸಿಕ್ಕಿದ್ದು ಎಷ್ಟು ಹೆಮ್ಮೆ ಅಂದರೆ, ದಾರಿಯುದ್ದಕ್ಕೂ ಸೆರಗಿನ ತುದಿಗೆ ಕಟ್ಟಿಕೊಂಡು ಮುಟ್ಟಿ ನೋಡಿಕೊಳ್ಳುತ್ತಾ ಮನೆಗೆ ಹೋದೆ. ಹಬ್ಬದ ದಿನ ಬೆಳಿಗ್ಗೆ ಶೆಡ್ಡು ತೊಳೆದೆ, ರಂಗೋಲಿ ಇಟ್ಟೆ, ಡ್ರಿಲ್ಲಿಂಗ್ ಮೆಷಿನ್ನಿಗೆ ಸೇವಂತಿಗೆ ಹಾರ ಹಾಕಿದೆ. ಆಮೇಲೆ ಆ ಪೆಟ್ಟಿಗೆ ನೆನಪಾಯಿತು. ಮಕ್ಕಳು ಕೈ ಬೊಬ್ಬೆ ಎದ್ದು ಮಾಡಿದ ಕೆಲಸ, ಅದಕ್ಕೂ ಪೂಜೆಯಾಗಬೇಡವೇ? ತೆಗೆದು ನೋಡಿದರೆ ಎಲ್ಲ ಎಣ್ಣೆ, ಕಪ್ಪು ಜಿಡ್ಡು. ಜಿಡ್ಡು ಹಿಡಿದದ್ದನ್ನು ದೇವರ ಮುಂದೆ ಇಡುವುದೆಂದರೆ ನನಗೆ ಕೈ ಬರಲಿಲ್ಲ. ನಮ್ಮಮ್ಮ ಹಬ್ಬಕ್ಕೆ ದೀಪದ ಕಂಬ ತಿಕ್ಕುತ್ತಿದ್ದ ಹಾಗೆ ಹುಣಸೆಹಣ್ಣು ನೆನೆಸಿ, ಬೂದಿ ಹಾಕಿ, ಇಪ್ಪತ್ತೆಂಟನ್ನೂ ಒಂದೊಂದಾಗಿ ತಿಕ್ಕಿ ತೊಳೆದೆ. ಬೆಳ್ಳಿಯ ಹಾಗೆ ಆದವು. ಅರಿಶಿನ ಕಲಸಿ ಹಚ್ಚಿ, ಕುಂಕುಮ ಇಟ್ಟು, ಸಾಲಾಗಿ ಜೋಡಿಸಿ ಕೈ ಮುಗಿದೆ. ಸೆಕ್ಷನ್ ಉಳೀಲಪ್ಪ ಎಂದು ಬೇಡಿಕೊಂಡೆ. ಆಮೇಲೆ ಹಾಗೇ ಪೆಟ್ಟಿಗೆಯಲ್ಲಿಟ್ಟು, ಜಿಡ್ಡಿನ ಬಟ್ಟೆ ಎಸೆದು, ಮುಚ್ಚಿ ಬೀಗ ಹಾಕಿದೆ.

ಮನೆಯ ಕಾವಲಿಯನ್ನು ತೊಳೆದ ಮೇಲೆ ಎಣ್ಣೆ ಸವರಿಡಬೇಕು ಎಂದು ಗೊತ್ತಿದ್ದವಳು ನಾನು. ಅಷ್ಟು ಬೆಳ್ಳಗಿರುವುದೂ ಅದೇ ಕಬ್ಬಿಣ ಎಂದು ಯಾಕೋ ತಲೆಗೆ ಬರಲೇ ಇಲ್ಲ.

ರಜೆ ಮುಗಿದು ಮೇಷ್ಟ್ರು ಬಂದರು. ಕೋಟಿನ ಜೇಬಿನಿಂದ ಬಾಡಿದ ಬನ್ನಿ ಎಲೆ ತೆಗೆದು ನನ್ನ ಕೈಗಿಟ್ಟು, "ತಗೋ ತಂಗಿ, ನಮ್ಮ ಕಡೆ ಹಿಂಗ ಬನ್ನಿ ಕೊಡ್ತಾರ, ಬಂಗಾರದಂಗ ಇರೂಣು" ಎಂದರು. ಅವರಿಗೆ ಎಲೆ ಕೊಡಲು ಆ ಶಾಲೆಯಲ್ಲಿ ಇನ್ನಾರೂ ಇರಲಿಲ್ಲ. ನಾನು ಅದನ್ನು ಕಣ್ಣಿಗೊತ್ತಿಕೊಂಡೆ. ಅವರು ಪೆಟ್ಟಿಗೆ ತೆಗೆದರು.

ಕೆಂಪು. ಎಲ್ಲ ಕೆಂಪು. ಅರಿಶಿನ ಹಚ್ಚಿದಲ್ಲಿ ತುಕ್ಕು ಬೆರಳಚ್ಚಿನ ಹಾಗೆ ಕೂತಿತ್ತು. ಹುಣಸೆ ಹುಳಿ ಒಳಗೊಳಗೇ ತಿಂದು ಸಣ್ಣ ಸಣ್ಣ ಗುಳಿ ಮಾಡಿತ್ತು. ಮೇಷ್ಟ್ರು ಒಂದನ್ನು ಎತ್ತಿ ಹೆಬ್ಬೆರಳಿಂದ ಉಜ್ಜಿದರು. ಇನ್ನೊಂದನ್ನು ಎತ್ತಿದರು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

"ಪೂಜೆಗೆ ಅಂತ ತೊಳ್ದೆ ಸಾ... ಅರಿಶ್ಣ ಅಚ್ಚಿದ್ದೆ ಸಾ..."

ಅವರು ಪೆಟ್ಟಿಗೆಯ ಪಕ್ಕ ನೆಲದ ಮೇಲೇ ಕೂತರು. ಅಷ್ಟರಲ್ಲಿ ಹೆಡ್‌ಮೇಷ್ಟ್ರು ಬಂದರು. ನೋಡಿದವರೇ ಕೂಗಾಡಿದರು. "ಏನ್ರೀ ಇದು? ಇನ್ನು ಹತ್ತು ದಿನಕ್ಕೆ ಅವರು ಬರ್ತಾರೆ! ಯಾರ್ ಮಾಡಿದ್ದು ಇದನ್ನ?"

ನನ್ನ ಕೆಲಸ ಹೋಯಿತು ಎಂದುಕೊಂಡೆ. ಬಾಯಿ ಬಿಡಬೇಕೆನ್ನುವಷ್ಟರಲ್ಲಿ ಮೇಷ್ಟ್ರು ಎದ್ದರು. "ನಂದ ತಪ್ಪು ಸರ್. ಊರಿಗೆ ಹೋಗೋ ಗಡಿಬಿಡ್ಯಾಗ ಎಣ್ಣಿ ಹಚ್ಚೋದು ಮರ್ತೆ."

ಹೆಡ್‌ಮೇಷ್ಟ್ರು ಮಕ್ಕಳ ಮುಂದೆಯೇ ಅವರಿಗೆ ಏನೇನೋ ಅಂದರು. ಇವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೆಡ್‌ಮೇಷ್ಟ್ರು ಹೋದ ಮೇಲೆ ನಾನು ಅಳುತ್ತಾ ಕಾಲಿಗೆ ಬೀಳಲು ಹೋದೆ.

"ಏಳ ಏಳ. ಅತ್ತರ ತುಕ್ಕ ಹೋಗತೈತೇನು? ಇನ್ನಷ್ಟ ಹಿಡೀತೈತಿ" ಎಂದರು. ನಗಿಸಲು ಹೇಳಿದ್ದು. ನನಗೆ ಇನ್ನೂ ಅಳು ಬಂತು. ಆಮೇಲೆ ಗೂಟದಿಂದ ಒಂದು ಅರ ತೆಗೆದು ನನ್ನ ಮುಂದೆ ಹಿಡಿದರು. "ಕೆಡಸಿದಾಕಿ ನೀನ. ಹಂಗಾರ ನೀನೂ ಒಂದು ಮಾಡು. ಇಪ್ಪತ್ತೆಂಟು ಮಂದಿ ಮಾಡ್ಲಿ, ನಿನ್ನದೂ ಒಂದು ಇರ್ಲಿ."

ಹತ್ತು ದಿನ. ಶಾಲೆ ಶುರುವಾಗುವ ಮುಂಚೆ, ಊಟದ ಹೊತ್ತಿನಲ್ಲಿ, ಸಂಜೆ ಗಂಟೆ ಹೊಡೆದ ಮೇಲೆ ಹುಡುಗರು ಹೊಸ ತುಂಡು ಹಿಡಿದು ಮತ್ತೆ ಮೊದಲಿನಿಂದ ಉಜ್ಜಿದರು. ಬೈದುಕೊಳ್ಳುತ್ತಲೇ ಉಜ್ಜಿದರು. ಕಿಟಕಿಯ ಕೊನೆಯ ಬೆಂಚಿನಲ್ಲಿ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ನಾನೂ ನಿಂತೆ. ಮೊದಲ ದಿನ ನಾನು ತಳ್ಳಿದ ರೀತಿ ನೋಡಿ ಒಬ್ಬ ಹುಡುಗ, "ಆಯಮ್ಮಾ, ಅದು ರಾಗಿಕಲ್ಲಲ್ಲ, ಸುತ್ತಬ್ಯಾಡ!" ಎಂದ. ಶೆಡ್ಡೆಲ್ಲ ನಕ್ಕಿತು. "ನಿಮ್ಮವ್ವನ ಮುದ್ದೆ ತಿಂದ್ ಬಂದೋನಿಗೆ ಮಾತ್ ಬ್ಯಾರೆ. ನಿಂದು ನೋಡ್ಕೊಳಪ್ಪ, ದೋಣಿ ಆದಂಗೈತೆ" ಎಂದೆ. ಮೇಷ್ಟ್ರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಅವರು ನನ್ನ ಪಕ್ಕ ನಿಂತು ತೋರಿಸಿದರು. ಮುಂದಕ್ಕೆ ಹೋಗುವಾಗ ಮೈಯ ಭಾರವೆಲ್ಲ ಕೊಡಬೇಕು, ಹಿಂದಕ್ಕೆ ಬರುವಾಗ ಬರೀ ತಾಗಿಸಿಕೊಂಡು ಬರಬೇಕು. ಕೈ ಏರುಪೇರಾದರೆ ಅಂಚು ಉರುಟಾಗುತ್ತದೆ. ನಾನು ಹುಡುಗಿಯಾಗಿದ್ದಾಗ ಕುಯ್ಲಿನ ಕಾಲದಲ್ಲಿ ಮನೆಯ ಎಲ್ಲ ಕುಡುಗೋಲುಗಳನ್ನೂ ಕಲ್ಲಿನ ಮೇಲೆ ಮಸೆಯುತ್ತಿದ್ದೆ. ಎರಡು ದಿನದ ಮೇಲೆ ಕೈಗೆ ಅದೇ ಹದ ಸಿಕ್ಕಿತು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಮನೆಯಲ್ಲಿ ಯಜಮಾನರಿಗೆ, ಪೊರಕೆ ಕಡ್ಡಿ ಚುಚ್ಚಿತು ಎಂದೆ. ಅವರು ನಿದ್ದೆಗಣ್ಣಲ್ಲಿ ಹೂಂ ಎಂದರು.

ನಿಜ ಹೇಳಬೇಕೆಂದರೆ, ತಪ್ಪು ಮಾಡಿದ ಆ ಹತ್ತು ದಿನ ನಾನು ಪೀಣ್ಯಕ್ಕೆ ಬಂದ ಮೇಲೆ ಒಂಟಿ ಅನ್ನಿಸದೇ ಇದ್ದ ದಿನಗಳು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಹತ್ತನೇ ದಿನ ಬೆಳಿಗ್ಗೆ ಹುಡುಗರ ಕೆಲಸದಲ್ಲಿ ಮುಗಿದಿದ್ದು ಹತ್ತೊಂಬತ್ತು. ಮೇಷ್ಟ್ರು ಮೇಜಿನ ಮೇಲೆ ಬಿಳೀ ಕಾಗದ ಹಾಸಿ ಸಾಲಾಗಿ ಇಟ್ಟರು. ಕೊನೆಯಲ್ಲಿ ನನ್ನದನ್ನು ತಂದು ಇಟ್ಟರು.

"ಅದ್ಯಾಕ್ ಸಾ ಅಲ್ಲಿ? ತಗೀರಿ ಸಾ" ಎಂದೆ.

"ಚಲೋ ಆಗೇತಲ್ಲ. ಯಾಕ ಮುಚ್ಚಿಡೂದು?"

ದೊಡ್ಡ ಮನುಷ್ಯರು ಬಂದರು. ಯಾವುದೋ ಕಾರ್ಖಾನೆಯಲ್ಲಿ ಮೇಲಿನ ಕೆಲಸದಲ್ಲಿದ್ದು ನಿವೃತ್ತರಾದವರಂತೆ. ಬಿಳೀ ಷರಟು, ಕೈಯಲ್ಲಿ ಕನ್ನಡಕದ ಪೆಟ್ಟಿಗೆ. ಹೆಡ್‌ಮೇಷ್ಟ್ರು ಪಕ್ಕದಲ್ಲೇ ಬಗ್ಗಿಕೊಂಡು ಬಂದರು. ನಾನು ನೀರಿನ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆ ದೊಡ್ಡವರಿಗೆ ಕೆಲಸ ಗೊತ್ತಿತ್ತು, ಅದನ್ನು ಹೇಳಲೇಬೇಕು. ಒಂದೊಂದನ್ನೂ ಎತ್ತಿ, ಮೂಲೆಮಟ್ಟ ಇಟ್ಟು, ಕಿಟಕಿಗೆ ಹಿಡಿದು ನೋಡಿದರು. ಕೆಲವಕ್ಕೆ ತಲೆಯಾಡಿಸಿದರು, ಕೆಲವನ್ನು ಸುಮ್ಮನೆ ಕೆಳಗಿಟ್ಟರು. ಕೊನೆಯದನ್ನು ಎತ್ತಿದರು. ತಿರುಗಿಸಿದರು, ಮತ್ತೆ ಇಟ್ಟು ನೋಡಿದರು. ಬೆಳಕು ಕಾಣಲಿಲ್ಲ. ಇನ್ನೊಂದು ಮುಖ. ಅಲ್ಲೂ ಕಾಣಲಿಲ್ಲ.

"ಇದು ಚೆನ್ನಾಗಿದೆ. ಇದಕ್ಕೆ ನಂಬರೇ ಇಲ್ವಲ್ಲ, ಯಾವ ಹುಡುಗಂದು?"

"ಯಾವ್ದೋ ಹುಡುಗಂದೇ ಸಾರ್, ಮರ್ತಿರ್ತಾನೆ" ಎಂದರು ಹೆಡ್‌ಮೇಷ್ಟ್ರು.

ನಾನು ಮೇಷ್ಟ್ರ ಕಡೆ ನೋಡಿದೆ. ಹೂಂ ಅನ್ನಿ ಸಾ, ಯಾವನಾದರೂ ಹುಡುಗನ ಹೆಸರು ಹೇಳಿಬಿಡಿ ಸಾ ಎಂದು ಕಣ್ಣಲ್ಲೇ ಬೇಡಿಕೊಂಡೆ.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. "ಇಲ್ರೀ ಸಾಹೇಬ್ರ. ಇದು ಈಕೀದು. ಹತ್ತ ದಿನದಾಗ ಕಲ್ತಾಳ."

ದೊಡ್ಡವರು ನನ್ನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಬರಿಗಾಲನ್ನು ನೋಡಿದರು. ಮೆಲ್ಲಗೆ ನಕ್ಕರು. "ಕಸ ಗುಡಿಸೋಳು ಹತ್ತು ದಿನದಲ್ಲಿ ಕಲಿಯೋ ಕೆಲ್ಸಾನ ನೀವು ಹುಡುಗರಿಗೆ ಮೂರು ವರ್ಷ ಕಲಿಸ್ತೀರೇನ್ರೀ? ಅದಕ್ಕೊಂದು ಶೆಡ್ಡು, ಅದಕ್ಕೊಬ್ಬ ಮೇಷ್ಟ್ರು?"

ಹೆಡ್‌ಮೇಷ್ಟ್ರು ಜೋರಾಗಿ ನಕ್ಕರು. ಅವರು ನಕ್ಕಿದ್ದಕ್ಕೆ ಹುಡುಗರೂ ನಕ್ಕರು. ನನ್ನ ಜೊತೆ ಹತ್ತು ದಿನ ಅರ ತಳ್ಳಿದ ಹುಡುಗರು...

"ಆಕಿ ಕಲ್ತದ್ದು ಒಂದ ಕೆಲಸ ಸಾಹೇಬ್ರ. ಈ ಹುಡುಗ್ರು ಕಲಿಯೋವು ನಲವತ್ತ ಅದಾವು. ಒಮ್ಮೆ ನೋಡ್ರಿ..." ಎಂದು ಮೇಷ್ಟ್ರು ಹೇಳುತ್ತಿದ್ದರು. ಅಷ್ಟರಲ್ಲಿ ಆ ದೊಡ್ಡವರು ನನ್ನ ತಟ್ಟೆಯಿಂದ ಒಂದು ಲೋಟ ನೀರು ಎತ್ತಿ ಕುಡಿದು, ಹೊರಗೆ ನಡೆದಿದ್ದರು.

ಕಾಗದ ಬಂದಿದ್ದು ಇನ್ನೊಂದು ತಿಂಗಳಿಗೆ. ಹತ್ತನೇ ಕ್ಲಾಸಿನವರ ಪರೀಕ್ಷೆ ಮುಗಿಸುವುದು, ಮುಂದಿನ ವರ್ಷದಿಂದ ಯಾರನ್ನೂ ಸೇರಿಸಿಕೊಳ್ಳುವುದು ಬೇಡ, ಮೇಷ್ಟ್ರ ಕೆಲಸವೂ ಅಲ್ಲಿಗೆ ಮುಗಿಯಿತು. ಶೆಡ್ಡು ಬೇಕೆಂದು ಸಂಘದವರು ಮೊದಲೇ ತೀರ್ಮಾನ ಮಾಡಿದ್ದರು, ಏನಿಟ್ಟಿದ್ದರೂ ಮುಚ್ಚುತ್ತಿದ್ದರು ಎಂದು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡರು. ಇರಬಹುದು. ಇಪ್ಪತ್ತೆಂಟೂ ನೆಟ್ಟಗಿದ್ದಿದ್ದರೆ ಉಳಿಯುತ್ತಿತ್ತೋ ಏನೋ. ನನ್ನದೊಂದು ಆ ಮೇಜಿನ ಮೇಲೆ ಇಲ್ಲದಿದ್ದರೆ ಉಳಿಯುತ್ತಿತ್ತೋ ಏನೋ. ನನಗೆ ಇವತ್ತಿಗೂ ತಿಳಿಯದು.

ಮೇಷ್ಟ್ರು ಹೊರಡುವ ದಿನ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಬಾಗಿಲಲ್ಲಿತ್ತು. ಬೀಳ್ಕೊಡುಗೆ, ಹಾರ ಏನೂ ಇಲ್ಲ. ಪರೀಕ್ಷೆ ಮುಗಿದಿತ್ತು, ಹುಡುಗರೂ ಇರಲಿಲ್ಲ. ಬಸ್ ಸ್ಟಾಪಿನವರೆಗೆ ಹಾಸಿಗೆ ಸುರುಳಿ ನಾನು ಹೊತ್ತೆ. ದಾರಿಯಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ.

"ತುಕ್ಕಿಗೆ ನಂದು ತಪ್ಪು ಅಂತ ಸುಳ್ ಯೋಳುದ್ರಲ್ಲ ಸಾ. ಅವತ್ತೂ ಒಂದ್ ಸುಳ್ ಯೋಳಿದ್ರೆ ಏನಾಯ್ತಿತ್ತು?"

ಅವರು ಟ್ರಂಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ತಪ್ಪು ಹೊತ್ಕೊಳ್ಳೋದು ನನ್ನ ಕೈಯಾಗ ಇತ್ತು ತಂಗಿ, ಹೊತ್ಕೊಂಡೆ. ನೀ ಮಾಡಿದ ಕೆಲಸ ಇನ್ನೊಬ್ಬಾಂವಗ ಎತ್ತಿ ಕೊಡಾಕ ಅದು ನಂದೇನು?"

ಬಸ್ಸು ಬಂತು. ಹಾಸಿಗೆ ಸುರುಳಿ ಮೇಲಕ್ಕೆ ಕೊಟ್ಟೆ. ವಿಳಾಸ ಕೇಳಬೇಕು ಎಂದು ಹೊಳೆದಿದ್ದು ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ. ಕೇಳಿದ್ದರೂ ನಾನು ಯಾರ ಹತ್ತಿರ ಏನೆಂದು ಕಾಗದ ಬರೆಸುತ್ತಿದ್ದೆ...

ಬೇಸಿಗೆ ರಜೆಯಲ್ಲಿ ವೈಸ್‌ಗಳನ್ನು ಬಿಚ್ಚಿ ಗುಜರಿಗೆ ಹಾಕಿದರು. ಬೆಂಚುಗಳು ಹೋದವು. ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು ಉಳಿದವು. ಆ ಶೆಡ್ಡಿನಲ್ಲಿ ಏಳನೇ ಕ್ಲಾಸಿನ ಎರಡು ಸೆಕ್ಷನ್ ಕೂತವು. ಮುಂದೆ ಎಷ್ಟೋ ವರ್ಷ ಅದನ್ನು ಗುಡಿಸಿದವಳು ನಾನೇ. ತೂತಿನೊಳಗೆ ಕೂತ ಕಬ್ಬಿಣದ ಪುಡಿ ಪೊರಕೆಗೆ ಬರುತ್ತಿರಲಿಲ್ಲ. ಬಗ್ಗಿ ಬೆರಳಲ್ಲಿ ತೆಗೆಯುತ್ತಿದ್ದೆ. ಒಂದು ವರ್ಷ ಸಿಮೆಂಟು ತುಂಬಿದರು. ಆಮೇಲೆ ಅದೂ ಇಲ್ಲ. ಟೀ ಹೊತ್ತಿನಲ್ಲಿ ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಆಚೆ ಯಾರೂ ಇರುತ್ತಿರಲಿಲ್ಲ.

ಆಮೇಲೆ ಕೆಲವು ವರ್ಷ ಬಸ್ಸಿನಲ್ಲಿ, ಸಂತೆಯಲ್ಲಿ ಹುಬ್ಬಳ್ಳಿ ಕಡೆಯ ಮಾತು ಕಿವಿಗೆ ಬಿದ್ದರೆ ತಿರುಗಿ ನೋಡುತ್ತಿದ್ದೆ. ಎರಡು ಸಲ ಕೇಳಿಯೂ ಕೇಳಿದೆ. ಹುಬ್ಬಳ್ಳಿ ಏನು ಚಿಕ್ಕ ಊರೇನಮ್ಮ ಎಂದು ನಕ್ಕರು. ಈಗ ಲೆಕ್ಕ ಹಾಕಿದರೆ ಅವರಿಗೆ ತೊಂಬತ್ತು ದಾಟಿರುತ್ತದೆ. ಇರಲಾರರು. ಯಾವಾಗ ಹೋದರೋ, ಹತ್ತಿರ ಯಾರಿದ್ದರೋ, ಒಂದು ಲೋಟ ನೀರು ಕೊಡಲು ಯಾರಾದರೂ ಇದ್ದರೋ ಇಲ್ಲವೋ.

ಭವ್ಯ ಹತ್ತನೇ ಕ್ಲಾಸು ಮುಗಿಸಿ ಮೆಕ್ಯಾನಿಕಲ್ ಡಿಪ್ಲೊಮಾ ಸೇರುತ್ತೇನೆ ಎಂದಾಗ ಅವಳಪ್ಪ, ನನ್ನ ಮಗ, ಒಪ್ಪಲಿಲ್ಲ. ಹೆಣ್ಣುಮಗು ಕಬ್ಬಿಣದ ಜೊತೆ ಏನು ಮಾಡುತ್ತಾಳೆ ಎಂದ. "ಸೇರ್ಸೋ, ಮಾಡ್ತಾಳೆ" ಎಂದೆ. ಮೂರು ದಿನ ಅದೊಂದೇ ಮಾತು ಹೇಳಿದೆ. ನಿಂಗೇನಮ್ಮ ಗೊತ್ತು ಅದರ ಕಷ್ಟ ಎಂದ. ನನಗೇನು ಗೊತ್ತು ಎಂದು ಅವತ್ತು ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವರಮ್ಮ ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು ಅನ್ನುವುದಷ್ಟೇ.

ಇವತ್ತು ಸಂಜೆ ಮನೆಯಲ್ಲಿ ಒಬ್ಬಟ್ಟು ಮಾಡಿದೆವು. ಮೇಜಿನ ಸುತ್ತ ಎಲ್ಲರಿಗೂ ಜಾಗ ಸಾಲದು ಎಂದು ಹಾಲಿನಲ್ಲಿ ಚಾಪೆ ಹಾಸಿ ಕೂತೆವು. ಮಗ, ಸೊಸೆ, ಭವ್ಯ, ಪಿಯುಸಿ ಓದುವ ಅವಳ ತಮ್ಮ, ಸೊಸೆಯ ತಾಯಿ. ಉಣ್ಣುತ್ತಾ ಉಣ್ಣುತ್ತಾ ನಾನು ಹೇಳಿದೆ. ಹುಣಸೆಹಣ್ಣು, ತುಕ್ಕು, ಹತ್ತು ದಿನ, ಆ ನಗು, ಬಸ್ ಸ್ಟಾಪು, ಎಲ್ಲ. ಮಗ ತುತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

"ಅಮ್ಮ, ನಾನು ಆ ಸ್ಕೂಲಲ್ಲೇ ಏಳನೇ ಕ್ಲಾಸ್ ಓದಿದ್ದು. ಅದೇ ಶೆಡ್ಡಲ್ಲಿ. ಒಂದ್ ದಿನಾನೂ ಹೇಳ್ಲಿಲ್ವಲ್ಲಮ್ಮ" ಎಂದ.

"ಯೋಳಿದ್ರೆ ನೀನೂ ನಗ್ತಿದ್ದೆ ಅನ್ಕಂಡೆ ಕಣಪ್ಪ."

ಅವನು ತಲೆ ತಗ್ಗಿಸಿದ. ಭವ್ಯ ತಟ್ಟೆ ಎತ್ತಿಕೊಂಡು ನನ್ನ ಪಕ್ಕಕ್ಕೆ ಸರಿದು ಕೂತಳು.

"ಅಜ್ಜಿ, ನಮ್ ಸ್ಕೂಲಲ್ಲೂ ಒಬ್ರು ಅಕ್ಕ ಇದಾರೆ, ಗುಡ್ಸೋರು. ಇವತ್ತು ನಾನು ಶೆಡ್ಡಲ್ಲಿ ಇದ್ದಷ್ಟು ಹೊತ್ತೂ ಬಾಗಿಲಲ್ಲೇ ನಿಂತು ನೋಡ್ತಿದ್ರು. ಏನಕ್ಕಾ ಅಂದ್ರೆ, ಏನಿಲ್ಲ ಮೇಡಂ ಅಂತ ಹೊರಟೋದ್ರು."

"ನಾಳೀಕೆ ಒಳೀಕ್ ಕರಿ" ಎಂದೆ. "ಮೊದ್ಲು ಎಣ್ಣೆ ಅಚ್ಚೋದು ಯೋಳ್ಕೊಡು. ಆಮೇಲ್ ಮಿಕ್ಕಿದ್ದು."

ಮೊದಲು ನಕ್ಕಿದ್ದು ಸೊಸೆಯ ತಾಯಿ, ಆಮೇಲೆ ಎಲ್ಲರೂ. ಭವ್ಯ ಬಾಯಿಗೆ ಸೆರಗಿಲ್ಲದ್ದಕ್ಕೆ ನನ್ನ ಸೆರಗನ್ನೇ ಅಡ್ಡ ಹಿಡಿದು ನಕ್ಕಳು. ಈ ನಗು ಬೇರೆ. ಇದನ್ನು ಕೇಳಲು ಮೇಷ್ಟ್ರು ಇರಬೇಕಿತ್ತು... ಇಲ್ಲ, ಬರಲಾರರು. ಸೊಸೆ ನನ್ನ ತಟ್ಟೆಗೆ ಇನ್ನೊಂದು ಒಬ್ಬಟ್ಟು ಹಾಕಿ ತುಪ್ಪ ಬಿಟ್ಟು, "ಆರೋಗತ್ತೆ ತಿನ್ನಿ ಅತ್ತೆ" ಎಂದಳು. ಎಷ್ಟೋ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಕೂತಿದ್ದೆವು. ಬಿಸಿ ಇರುವಾಗಲೇ ಮುರಿದು ಬಾಯಿಗಿಟ್ಟೆ.